ಕರ್ನಾಟಕದ ನಾಲ್ಕು ತುದಿಗಳು: ಔರಾದ್‌ನಿಂದ ಗುಂಡ್ಲುಪೇಟೆ, ಕಾರವಾರದಿಂದ ಮುಳಬಾಗಿಲು

ಬೈಲಹೊಂಗಲ: ಬೆಳಗಾವಿ ಗಡಿ ಜಿಲ್ಲೆ ಎಂದೇ ಹೆಸರಾಗಿದ್ದರೂ ಅದರ ಬೈಲಹೊಂಗಲ, ಕಿತ್ತೂರು, ಸವದತ್ತಿ ಹಾಗೂ ರಾಮದುರ್ಗ ತಾಲೂಕುಗಳು ಇಂದು ರಾಜ್ಯದ ಗಡಿಗೆ ಎಲ್ಲಿಯೂ ತಾಗುವುದಿಲ್ಲ. ಸ್ವಾತಂತ್ರ್ಯ ಬಂದ ಹೊತ್ತಿನಲ್ಲಿ ಪರಿಸ್ಥಿತಿ ಹೀಗಿರಲಿಲ್ಲ. ಬೈಲಹೊಂಗಲವನ್ನು ಕೇಂದ್ರವಾಗಿ ಹೊಂದಿದ್ದ ಸಂಪಗಾಂವ ತಾಲೂಕು ಮತ್ತು ಸವದತ್ತಿಯನ್ನು ಕೇಂದ್ರವಾಗಿ ಹೊಂದಿದ್ದ ಪರಸಗಡ ತಾಲೂಕು ಮುಂಬೈ ಪ್ರಾಂತಕ್ಕೆ ಸೇರಿದ್ದವು. ಪಕ್ಕದ ರಾಮದುರ್ಗ ಭಾವೆ ಮನೆತನದ ಸಂಸ್ಥಾನವಾಗಿತ್ತು. ಇಂದು ರಾಮದುರ್ಗ ತಾಲೂಕಿನಲ್ಲಿರುವ ತೊರಗಲ್ಲು ಕೊಲ್ಲಾಪುರ ಸಂಸ್ಥಾನದ ಅಧೀನದ ಜಹಗೀರಾಗಿತ್ತು. ಒಂದೇ ದಿನದ ಚಕ್ಕಡಿ ಪ್ರಯಾಣದಲ್ಲಿ ಮೂರು ಆಡಳಿತಗಳ ನೆಲವನ್ನು ದಾಟಬೇಕಾಗಿತ್ತು.

ಆ ಗೆರೆಗಳು ಅಳಿಸಿಹೋಗಿ, ನಾಡಿನ ಅಂಚು ಇಲ್ಲಿಂದ ದೂರ ಸರಿದದ್ದು 1948ರಿಂದ 1956ರವರೆಗಿನ ಎಂಟು ವರ್ಷಗಳಲ್ಲಿ. ಹಾಗಾದರೆ ಇಂದಿನ ಕರ್ನಾಟಕ ಎಲ್ಲಿಂದ ಆರಂಭವಾಗಿ ಎಲ್ಲಿ ಮುಗಿಯುತ್ತದೆ? ಅದರ ತುದಿಗಳನ್ನು ನಿರ್ಧರಿಸಿದವರು ಯಾರು? ಅವು ಮತ್ತೆ ಬದಲಾಗುವ ಸಾಧ್ಯತೆ ಇದೆಯೇ? ನಕ್ಷೆಯಲ್ಲಿ ಸರಳವಾಗಿ ಕಾಣುವ ಈ ಪ್ರಶ್ನೆಗಳ ಹಿಂದೆ ಹಲವು ಕಾಯ್ದೆಗಳು, ಒಂದು ಆಯೋಗ ಮತ್ತು ಇನ್ನೂ ಮುಗಿಯದ ಮೊಕದ್ದಮೆಯೊಂದು ಇವೆ.

ನಾಲ್ಕು ದಿಕ್ಕುಗಳ ತುದಿ

ಉತ್ತರದ ತುದಿ ಬೀದರ್ ಜಿಲ್ಲೆಯ ಔರಾದ್ ತಾಲೂಕಿನಲ್ಲಿದೆ. ಒಂದು ಬದಿಗೆ ಮಹಾರಾಷ್ಟ್ರ, ಇನ್ನೊಂದು ಬದಿಗೆ ತೆಲಂಗಾಣ. ಈ ಭಾಗ 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು.

ದಕ್ಷಿಣದ ತುದಿ ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆ ತಾಲೂಕಿನಲ್ಲಿ, ಬಂಡೀಪುರ ಅರಣ್ಯದ ಕೆಳ ಅಂಚಿನಲ್ಲಿದೆ. ಮೋಯಾರ್ ನದಿಯ ಆಚೆ ತಮಿಳುನಾಡಿನ ಮುದುಮಲೆ ಕಾಡು. ಊಟಿಯ ಕಡೆಗೂ ವಯನಾಡಿನ ಕಡೆಗೂ ಸಾಗುವ ಹೆದ್ದಾರಿಗಳು ಈ ಕಾಡಿನ ಮೂಲಕವೇ ಹೋಗುತ್ತವೆ. ವನ್ಯಜೀವಿಗಳ ರಕ್ಷಣೆಗಾಗಿ 2009ರಲ್ಲಿ ಇಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗಿನ ವಾಹನ ಸಂಚಾರವನ್ನು ನಿರ್ಬಂಧಿಸಲಾಯಿತು.

ಪೂರ್ವದ ತುದಿ ಕೋಲಾರ ಜಿಲ್ಲೆಯ ಮುಳಬಾಗಿಲು ತಾಲೂಕು. ಬೆಂಗಳೂರಿನಿಂದ ಚಿತ್ತೂರಿನ ಕಡೆಗೆ ಸಾಗುವ ಹೆದ್ದಾರಿ ನಂಗಲಿಯನ್ನು ದಾಟಿ ಆಂಧ್ರಪ್ರದೇಶವನ್ನು ಪ್ರವೇಶಿಸುತ್ತದೆ.

ಪಶ್ಚಿಮದ ತುದಿ ಉತ್ತರ ಕನ್ನಡ ಜಿಲ್ಲೆಯ ಕಾರವಾರ ತಾಲೂಕು. ಕಾಳಿ ನದಿಯ ಉತ್ತರಕ್ಕಿರುವ ಮಾಜಾಳಿಯಲ್ಲಿ ರಾಜ್ಯ ಮುಗಿದು ಗೋವಾ ಆರಂಭವಾಗುತ್ತದೆ. ಕಾರವಾರದ ಎದುರಿನ ಕಡಲಲ್ಲಿರುವ ದೇವಗಡದಂತಹ ಸಣ್ಣ ದ್ವೀಪಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ತುದಿ ಇನ್ನಷ್ಟು ಪಶ್ಚಿಮಕ್ಕೆ ಸರಿಯುತ್ತದೆ. ಆದರೆ ಅದೇ ಕಡಲಲ್ಲಿ, ಕಾರವಾರದ ದಡಕ್ಕೆ ಕಣ್ಣಳತೆಯ ದೂರದಲ್ಲಿರುವ ಅಂಜದೀವ ದ್ವೀಪ ಮಾತ್ರ ಗೋವಾಕ್ಕೆ ಸೇರಿದೆ. 1961ರ ಡಿಸೆಂಬರ್ 19ರಂದು ಪೋರ್ಚುಗೀಸ್ ಆಳ್ವಿಕೆ ಕೊನೆಗೊಳ್ಳುವವರೆಗೆ ಅದು ಪೋರ್ಚುಗಲ್ ವಶದಲ್ಲಿತ್ತು. ಅದನ್ನು ವಶಪಡಿಸಿಕೊಳ್ಳುವ ಕಾರ್ಯಾಚರಣೆಯಲ್ಲಿ ಭಾರತೀಯ ನೌಕಾಪಡೆಯ 7 ಮಂದಿ ಪ್ರಾಣ ತೆತ್ತರು. ಅಂದರೆ 1961ರವರೆಗೆ ಮಾಜಾಳಿ ರಾಜ್ಯದ ಗಡಿಯಷ್ಟೇ ಆಗಿರದೆ ದೇಶದ ಗಡಿಯೂ ಆಗಿತ್ತು.

ಅಂಕಿಗಳನ್ನು ಓದುವ ಬಗೆ

ಸ್ಥೂಲವಾಗಿ ಕರ್ನಾಟಕವು 11.5 ಡಿಗ್ರಿಯಿಂದ 18.5 ಡಿಗ್ರಿ ಉತ್ತರ ಅಕ್ಷಾಂಶ ಹಾಗೂ 74 ಡಿಗ್ರಿಯಿಂದ 78.5 ಡಿಗ್ರಿ ಪೂರ್ವ ರೇಖಾಂಶಗಳ ನಡುವೆ ಹರಡಿದೆ. ವಿಸ್ತೀರ್ಣ 1,91,791 ಚದರ ಕಿ.ಮೀ. ಉತ್ತರ–ದಕ್ಷಿಣ ಉದ್ದ ಸುಮಾರು 750 ಕಿ.ಮೀ., ಪೂರ್ವ–ಪಶ್ಚಿಮ ಅಗಲ ಸುಮಾರು 400 ಕಿ.ಮೀ., ಕರಾವಳಿ ಸುಮಾರು 320 ಕಿ.ಮೀ. ಎಂಬುದು ರೂಢಿಯ ಲೆಕ್ಕ. ಎತ್ತರದ ತುದಿ ಚಿಕ್ಕಮಗಳೂರು ಜಿಲ್ಲೆಯ ಮುಳ್ಳಯ್ಯನಗಿರಿ. ಸಮುದ್ರ ಮಟ್ಟದಿಂದ ಸುಮಾರು 1,930 ಮೀಟರ್.

ಈ ಅಂಕಿಗಳನ್ನು ಬಳಸುವಾಗ ಎರಡು ಎಚ್ಚರಿಕೆ ಅಗತ್ಯ. ಮೊದಲನೆಯದು ದಶಮಾಂಶಕ್ಕೂ ನಿಮಿಷಕ್ಕೂ ಇರುವ ವ್ಯತ್ಯಾಸ. ಒಂದು ಡಿಗ್ರಿಗೆ 60 ನಿಮಿಷ. ಆದ್ದರಿಂದ 18.45 ಡಿಗ್ರಿ ಎಂದರೆ 18 ಡಿಗ್ರಿ 27 ನಿಮಿಷ. ಅದನ್ನು 18 ಡಿಗ್ರಿ 45 ನಿಮಿಷ ಎಂದು ಓದಿಕೊಂಡರೆ ನೆಲದ ಮೇಲೆ ಸುಮಾರು 33 ಕಿ.ಮೀ. ತಪ್ಪಾಗುತ್ತದೆ, ರಾಜ್ಯದ ತುದಿ ನೆರೆರಾಜ್ಯದೊಳಗೆ ಹೋಗಿ ನಿಲ್ಲುತ್ತದೆ.

ಎರಡನೆಯದು, ಎದುರುಬದುರಿನ ತುದಿಗಳು ಒಂದೇ ಸಾಲಿನಲ್ಲಿಲ್ಲ. ಮುಳಬಾಗಿಲಿನಿಂದ ನೇರ ಪಶ್ಚಿಮಕ್ಕೆ ಗೆರೆ ಎಳೆದರೆ ಅದು ಕಡಲನ್ನು ಸೇರುವುದು ಉಡುಪಿ ಜಿಲ್ಲೆಯಲ್ಲಿ; ಆ ಗೆರೆಯ ಉದ್ದ ಸುಮಾರು 400 ಕಿ.ಮೀ. ಕಾರವಾರ ಅಲ್ಲಿಂದ ಬಹಳ ಉತ್ತರಕ್ಕಿದೆ. ಹೀಗಾಗಿ ಎರಡು ತುದಿಗಳ ನಡುವಿನ ನೇರ ದೂರ ಇದಕ್ಕಿಂತ ಹೆಚ್ಚು.

ರೇಖಾಂಶದ ಅಂತರ ಗಡಿಯಾರದಲ್ಲಿಯೂ ಕಾಣುತ್ತದೆ. ಪ್ರತಿ ಡಿಗ್ರಿಗೆ 4 ನಿಮಿಷದಂತೆ, ಸೂರ್ಯನು ಮುಳಬಾಗಿಲಿನ ನೆತ್ತಿಯ ಮೇಲೆ ಬಂದ ಸುಮಾರು 18 ನಿಮಿಷಗಳ ನಂತರ ಕಾರವಾರದ ನೆತ್ತಿಗೆ ಬರುತ್ತಾನೆ. ಎರಡೂ ಊರುಗಳ ಗಡಿಯಾರ ಮಾತ್ರ ಒಂದೇ ಸಮಯವನ್ನು ತೋರಿಸುತ್ತಿರುತ್ತದೆ.

1956 ತಂದ ಬದಲಾವಣೆ

ಹಳೆಯ ಮೈಸೂರು ಸಂಸ್ಥಾನದ ಅಂಕಿಗಳೊಂದಿಗೆ ಹೋಲಿಸಿದರೆ ಇಂದಿನ ತುದಿಗಳ ಇತಿಹಾಸ ಸ್ಪಷ್ಟವಾಗುತ್ತದೆ. ಬ್ರಿಟಿಷ್ ಕಾಲದ ಗೆಜೆಟಿಯರ್‌ ಪ್ರಕಾರ ಸಂಸ್ಥಾನವು 11 ಡಿಗ್ರಿ 36 ನಿಮಿಷದಿಂದ 15 ಡಿಗ್ರಿ 2 ನಿಮಿಷ ಉತ್ತರ ಅಕ್ಷಾಂಶ, 74 ಡಿಗ್ರಿ 38 ನಿಮಿಷದಿಂದ 78 ಡಿಗ್ರಿ 36 ನಿಮಿಷ ಪೂರ್ವ ರೇಖಾಂಶಗಳ ನಡುವೆ ಇತ್ತು. ದಕ್ಷಿಣ ಮತ್ತು ಪೂರ್ವದ ಅಂಕಿಗಳು ಇಂದಿಗೂ ಹೆಚ್ಚುಕಡಿಮೆ ಅವೇ. ಗುಂಡ್ಲುಪೇಟೆಯೂ ಮುಳಬಾಗಿಲೂ ಮೊದಲಿನಿಂದ ಮೈಸೂರಿನ ಭಾಗಗಳೇ ಆಗಿದ್ದವು. ಬದಲಾದದ್ದು ಉತ್ತರ ಮತ್ತು ಪಶ್ಚಿಮದ ತುದಿಗಳು. ಉತ್ತರದ ತುದಿಯೊಂದೇ ಸುಮಾರು 380 ಕಿ.ಮೀ. ಮೇಲಕ್ಕೆ ಸರಿಯಿತು. ಸುಮಾರು 15.8 ಡಿಗ್ರಿಯಲ್ಲಿರುವ ಬೈಲಹೊಂಗಲ ಹಳೆಯ ಸಂಸ್ಥಾನದ ಉತ್ತರ ಅಂಚಿಗಿಂತ ಎಷ್ಟೋ ಮೇಲಿತ್ತು. ಇಂದು ರಾಜ್ಯದ ಒಳನಾಡಾಗಿದೆ.

ಈ ಬದಲಾವಣೆ ಹಂತಹಂತವಾಗಿ ನಡೆಯಿತು. 1948ರ ಮಾರ್ಚ್‌ನಲ್ಲಿ ರಾಮದುರ್ಗವೂ ಸೇರಿದಂತೆ ದಖನ್ ಸಂಸ್ಥಾನಗಳು ಮುಂಬೈ ಪ್ರಾಂತದಲ್ಲಿ ವಿಲೀನವಾದವು. ಮರುವರ್ಷದ ಮಾರ್ಚ್‌ನಲ್ಲಿ ಕೊಲ್ಲಾಪುರ ಅದೇ ಹಾದಿ ಹಿಡಿಯಿತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಆದೋನಿ, ಆಲೂರು ಮತ್ತು ರಾಯದುರ್ಗ ತಾಲೂಕುಗಳನ್ನು ಬಿಟ್ಟು ಉಳಿದ ಬಳ್ಳಾರಿ ಜಿಲ್ಲೆ ಮೈಸೂರಿಗೆ ಬಂದಿತು. ರಾಜ್ಯ ಪುನರ್ವಿಂಗಡಣಾ ಕಾಯ್ದೆಯನ್ವಯ 1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯ ಉದಯವಾಯಿತು. 1973ರ ನವೆಂಬರ್ 1ರಂದು ಅದಕ್ಕೆ ಕರ್ನಾಟಕ ಎಂಬ ಹೆಸರು ಬಂದಿತು.

1956ರ ಕಾಯ್ದೆಯಲ್ಲಿ ಸೇರಿದ ಜಿಲ್ಲೆಗಳಷ್ಟೇ ಮಹತ್ವ ಕೈಬಿಟ್ಟ ತಾಲೂಕುಗಳಿಗೂ ಇದೆ. ಇಂದಿನ ಗಡಿಯ ಅಂಕುಡೊಂಕುಗಳು ಬಹುಪಾಲು ಅವುಗಳಿಂದಲೇ ಉಂಟಾದವು. ಬೆಳಗಾವಿ ಜಿಲ್ಲೆ ಚಂದಗಡ ತಾಲೂಕನ್ನು ಬಿಟ್ಟು ಬಂದಿತು. ಬೀದರ್ ಜಿಲ್ಲೆಯಿಂದ ಅಹಮದಪುರ, ನಿಲಂಗಾ, ಉದಗೀರ ತಾಲೂಕುಗಳು ಮುಂಬೈ ರಾಜ್ಯಕ್ಕೆ ಹೋದವು. ನಾರಾಯಣಖೇಡ ಆಂಧ್ರಕ್ಕೆ ಹೋಯಿತು. ಕಲಬುರಗಿಯಿಂದ ಕೊಡಂಗಲ್ ಮತ್ತು ತಾಂಡೂರು, ರಾಯಚೂರಿನಿಂದ ಗದ್ವಾಲ ಮತ್ತು ಆಲಂಪುರ ತಾಲೂಕುಗಳು ಬೇರ್ಪಟ್ಟವು. ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಕರ್ನಾಟಕಕ್ಕೆ ಬಂದಿತು. ದಕ್ಷಿಣ ಕನ್ನಡ ಜಿಲ್ಲೆಯು ಕಾಸರಗೋಡು ತಾಲೂಕು ಹಾಗೂ ಅಮೀನ್‌ದೀವಿ ದ್ವೀಪಗಳನ್ನು ಬಿಟ್ಟು ಬಂದಿತು. ಇಂದು ಲಕ್ಷದ್ವೀಪಕ್ಕೆ ಸೇರಿರುವ ಆ ದ್ವೀಪಗಳು ಜಿಲ್ಲೆಯೊಂದಿಗೆ ಉಳಿದಿದ್ದರೆ ರಾಜ್ಯದ ಪಶ್ಚಿಮದ ತುದಿ ಕಾರವಾರದಲ್ಲಿರದೆ ಅರಬ್ಬೀ ಸಮುದ್ರದ ನಡುವೆ ಇರುತ್ತಿತ್ತು.

ಒಳಗೆ ಉಳಿದ ಹಳೆಯ ಗೆರೆಗಳು

ಪ್ರಾಂತಗಳ ಗಡಿ ಅಳಿದರೂ ಅದರ ಹೆಸರು ದೀರ್ಘಕಾಲ ಉಳಿಯಿತು. ಬೈಲಹೊಂಗಲವನ್ನು ಒಳಗೊಂಡ ಭಾಗವನ್ನು ಆರು ದಶಕಗಳಿಗೂ ಹೆಚ್ಚು ಕಾಲ ಮುಂಬೈ ಕರ್ನಾಟಕ ಎಂದೇ ಕರೆಯಲಾಯಿತು. ರಾಜ್ಯ ಸರ್ಕಾರ 2021ರಲ್ಲಿ ಅದಕ್ಕೆ ಕಿತ್ತೂರು ಕರ್ನಾಟಕ ಎಂದು ಮರುನಾಮಕರಣ ಮಾಡಿತು. ಹೈದರಾಬಾದ್ ಕರ್ನಾಟಕವು 2019ರಲ್ಲಿ ಕಲ್ಯಾಣ ಕರ್ನಾಟಕವಾಯಿತು.

ಇದು ಹೆಸರಿಗಷ್ಟೇ ಸಂಬಂಧಿಸಿದ ವಿಷಯವಲ್ಲ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ 371 ಜೆ ವಿಧಿಯ ಪ್ರಕಾರ ಕಲ್ಯಾಣ ಕರ್ನಾಟಕದ ಜಿಲ್ಲೆಗಳವರಿಗೆ ಶಿಕ್ಷಣ ಮತ್ತು ಉದ್ಯೋಗದಲ್ಲಿ ಸ್ಥಳೀಯ ಮೀಸಲಾತಿ ಇದೆ. ಕೊಪ್ಪಳ ಜಿಲ್ಲೆಯ ವಿದ್ಯಾರ್ಥಿಗೆ ದೊರೆಯುವ ಈ ಸೌಲಭ್ಯ ನೆರೆಯ ಗದಗ ಅಥವಾ ಬಾಗಲಕೋಟೆ ಜಿಲ್ಲೆಯ ವಿದ್ಯಾರ್ಥಿಗೆ ಇಲ್ಲ. ನಿಜಾಮರಿಗೂ ಮುಂಬೈ ಸರ್ಕಾರಕ್ಕೂ ನಡುವೆ ಇದ್ದ ಹಳೆಯ ಗೆರೆ ಈ ರೀತಿಯಲ್ಲಿ ಇಂದಿಗೂ ಕೆಲಸ ಮಾಡುತ್ತಿದೆ.

ಮೂರು ರಾಜ್ಯಗಳು ಕೂಡುವ ಐದು ಸ್ಥಳ

ಕರ್ನಾಟಕಕ್ಕೆ ಗೋವಾ, ಮಹಾರಾಷ್ಟ್ರ, ತೆಲಂಗಾಣ, ಆಂಧ್ರಪ್ರದೇಶ, ತಮಿಳುನಾಡು ಮತ್ತು ಕೇರಳ ಎಂಬ ಆರು ನೆರೆರಾಜ್ಯಗಳಿವೆ. 2014ರ ಜೂನ್ 2ರವರೆಗೆ ಐದೇ ಇದ್ದವು. ಅಂದು ತೆಲಂಗಾಣ ಪ್ರತ್ಯೇಕವಾದಾಗ ಕರ್ನಾಟಕದ ಗಡಿಗೆರೆ ಒಂದಂಗುಲವೂ ಕದಲಲಿಲ್ಲ; ಆದರೂ ಬೀದರ್, ಕಲಬುರಗಿ, ಯಾದಗಿರಿ ಮತ್ತು ರಾಯಚೂರು ಜಿಲ್ಲೆಗಳಿಗೆ ಹೊಸ ನೆರೆರಾಜ್ಯ ಬಂದಿತು.

ಗಡಿಯ ಮೇಲೆ ವಾಯವ್ಯದಿಂದ ಹೊರಟರೆ ಮೂರು ರಾಜ್ಯಗಳ ಸಂಧಿಸ್ಥಾನಗಳು ಹೀಗೆ ಸಿಗುತ್ತವೆ:

1. ಕರ್ನಾಟಕ, ಗೋವಾ, ಮಹಾರಾಷ್ಟ್ರ: ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನ ಪಶ್ಚಿಮ ಅಂಚು, ಚೋರ್ಲಾ ಘಟ್ಟ ಪ್ರದೇಶ.
2. ಕರ್ನಾಟಕ, ಮಹಾರಾಷ್ಟ್ರ, ತೆಲಂಗಾಣ: ಬೀದರ್ ಜಿಲ್ಲೆಯ ಔರಾದ್ ತಾಲೂಕು.
3. ಕರ್ನಾಟಕ, ತೆಲಂಗಾಣ, ಆಂಧ್ರಪ್ರದೇಶ: ರಾಯಚೂರು ಜಿಲ್ಲೆಯ ಅಂಚಿನಲ್ಲಿ ತುಂಗಭದ್ರಾ ನದಿ.
4. ಕರ್ನಾಟಕ, ಆಂಧ್ರಪ್ರದೇಶ, ತಮಿಳುನಾಡು: ಕೋಲಾರ ಜಿಲ್ಲೆಯ ದಕ್ಷಿಣ ಅಂಚು, ಆಂಧ್ರದ ಕುಪ್ಪಂ ಬಳಿ.
5. ಕರ್ನಾಟಕ, ತಮಿಳುನಾಡು, ಕೇರಳ: ಬಂಡೀಪುರ, ಮುದುಮಲೆ ಮತ್ತು ವಯನಾಡು ಕಾಡುಗಳು ಕೂಡುವ ಜಾಗ.

ಇವುಗಳ ಜೊತೆಗೆ ಗಡಿಯು ಕಡಲಿಗೆ ಇಳಿಯುವ ಎರಡು ಕೊನೆಗಳಿವೆ. ಉತ್ತರದಲ್ಲಿ ಕಾರವಾರದ ಮಾಜಾಳಿ, ದಕ್ಷಿಣದಲ್ಲಿ ಮಂಗಳೂರಿನ ಕೆಳಗಿರುವ ತಲಪಾಡಿ. 2020ರ ಮಾರ್ಚ್‌ನಲ್ಲಿ ಕೊರೊನಾ ಕಾರಣದಿಂದ ಕರ್ನಾಟಕವು ಕೇರಳದೊಂದಿಗಿನ ರಸ್ತೆಗಳನ್ನು ಮುಚ್ಚಿದಾಗ ತಲಪಾಡಿ ದೇಶದ ಗಮನ ಸೆಳೆಯಿತು. ಚಿಕಿತ್ಸೆಗೆ ಮಂಗಳೂರಿನ ಆಸ್ಪತ್ರೆಗಳನ್ನು ನೆಚ್ಚಿಕೊಂಡಿದ್ದ ಕಾಸರಗೋಡಿನ ರೋಗಿಗಳು ಗಡಿಯ ಆಚೆಯೇ ಉಳಿಯಬೇಕಾಯಿತು. ವಿಷಯ ಕೇರಳ ಹೈಕೋರ್ಟ್ ಹಾಗೂ ಸುಪ್ರೀಂ ಕೋರ್ಟ್ ಮುಂದೆ ಬಂದಿತು. 1956ಕ್ಕೆ ಮೊದಲು ಒಂದೇ ಜಿಲ್ಲೆಯಾಗಿದ್ದ ನೆಲವದು.

ನದಿ, ಕಾಡು ಮತ್ತು ಕಲ್ಲು

ಗಡಿಯ ಕೆಲವು ಭಾಗಗಳನ್ನು ಪ್ರಕೃತಿಯೇ ಗುರುತಿಸಿದೆ. ಬಂಡೀಪುರದ ಕೆಳಗೆ ಮೋಯಾರ್, ಹೊಗೇನಕಲ್ ಪ್ರದೇಶದಲ್ಲಿ ಕಾವೇರಿ, ರಾಯಚೂರು ಮತ್ತು ಕರ್ನೂಲು ಜಿಲ್ಲೆಗಳ ನಡುವೆ ತುಂಗಭದ್ರಾ, ಸೊಲ್ಲಾಪುರದ ದಿಕ್ಕಿನಲ್ಲಿ ಕೆಲವು ದೂರ ಭೀಮಾ ನದಿ ಗಡಿಯಾಗಿ ಹರಿಯುತ್ತವೆ. ಉಳಿದ ಬಹುಪಾಲು ಕಡೆ ಗಡಿ ಎಂದರೆ ಹಳ್ಳಿಯ ಎಲ್ಲೆ. ಕಂದಾಯ ನಕ್ಷೆ ಮತ್ತು ಗಡಿಕಲ್ಲುಗಳೇ ಅದಕ್ಕೆ ಆಧಾರ. ಮೂರು ಬದಿಗಳಲ್ಲಿ ಆಂಧ್ರ ಸುತ್ತುವರಿದಿರುವ ತುಮಕೂರು ಜಿಲ್ಲೆಯ ಪಾವಗಡ ತಾಲೂಕಿನ ಆಕಾರವನ್ನು ಯಾವ ನದಿಯೂ ಬೆಟ್ಟವೂ ನಿರ್ಧರಿಸಿಲ್ಲ.

ಕಲ್ಲುಗಳು ಹಾಳಾದರೆ ಏನಾಗುತ್ತದೆ ಎಂಬುದಕ್ಕೆ ಬಳ್ಳಾರಿ ಜಿಲ್ಲೆ ಸಾಕ್ಷಿ. ಆಂಧ್ರದ ಓಬಳಾಪುರದ ಕಡೆಯ ಕಬ್ಬಿಣದ ಅದಿರಿನ ಗುಡ್ಡಗಳಲ್ಲಿ ಗಣಿಗಾರಿಕೆಯ ಭರಾಟೆಯಲ್ಲಿ ಅಂತರರಾಜ್ಯ ಗಡಿ ಗುರುತುಗಳು ನಾಶವಾದವೆಂಬ ದೂರು ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಅದಿರು ಯಾವ ರಾಜ್ಯದ ನೆಲದಿಂದ ತೆಗೆದದ್ದು ಎಂಬುದನ್ನು ತಿಳಿಯಲು ಮೊದಲು ಗಡಿ ಎಲ್ಲಿದೆ ಎಂದು ತಿಳಿಯಬೇಕಾಗಿತ್ತು. ಕೊನೆಗೆ ಸರ್ವೆ ಆಫ್ ಇಂಡಿಯಾ ಹಳೆಯ ನಕ್ಷೆಗಳ ಆಧಾರದಲ್ಲಿ ಗಡಿಯನ್ನು ಮತ್ತೆ ಅಳೆಯಬೇಕಾಯಿತು.

ಕಣಕುಂಬಿಯಿಂದ ಸವದತ್ತಿಗೆ

ದೂರದ ಗಡಿಬಿಂದು ಒಳನಾಡಿನ ತಾಲೂಕುಗಳ ಬದುಕನ್ನು ಹೇಗೆ ತಟ್ಟುತ್ತದೆ ಎಂಬುದನ್ನು ಮಲಪ್ರಭಾ ನದಿ ತೋರಿಸುತ್ತದೆ. ಮೂರು ರಾಜ್ಯಗಳು ಕೂಡುವ ಚೋರ್ಲಾ ಪ್ರದೇಶಕ್ಕೆ ಸಮೀಪದಲ್ಲಿ, ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಈ ನದಿ ಪೂರ್ವಕ್ಕೆ ಹರಿದು ಎಂ.ಕೆ. ಹುಬ್ಬಳ್ಳಿ, ಸಂಗೊಳ್ಳಿಗಳನ್ನು ದಾಟಿ ಸವದತ್ತಿ ಬಳಿಯ ನವಿಲುತೀರ್ಥ ಜಲಾಶಯವನ್ನು ಸೇರುತ್ತದೆ. ಅಲ್ಲಿಂದ ಮುಂದೆ ರಾಮದುರ್ಗದ ಮೂಲಕ ಸಾಗಿ ಕೂಡಲಸಂಗಮದಲ್ಲಿ ಕೃಷ್ಣೆಯಲ್ಲಿ ಒಂದಾಗುತ್ತದೆ. ಹುಬ್ಬಳ್ಳಿ–ಧಾರವಾಡಕ್ಕೂ ಈ ಜಲಾಶಯದಿಂದ ಕುಡಿಯುವ ನೀರು ಪೂರೈಕೆಯಾಗುತ್ತದೆ.

ಅದೇ ಕಣಕುಂಬಿಯ ಆಸುಪಾಸಿನ ಕಳಸಾ ನಾಲೆ ಪಶ್ಚಿಮಕ್ಕೆ ಹರಿದು ಮಹಾದಾಯಿಯನ್ನು ಸೇರಿ ಗೋವಾಕ್ಕೆ ಹೋಗುತ್ತದೆ. ನೀರು ಇಬ್ಭಾಗವಾಗುವ ಸಹ್ಯಾದ್ರಿಯ ಏಣು ಒಂದೆಡೆ, ರಾಜ್ಯದ ಗಡಿ ಇನ್ನೊಂದೆಡೆ. ಎರಡೂ ಒಂದೇ ಅಲ್ಲ. ಕರ್ನಾಟಕದ ನೆಲದಲ್ಲಿ ಹುಟ್ಟಿ ಗೋವಾದ ಕಡೆಗೆ ಹರಿಯುವ ನೀರು ಯಾರದು ಎಂಬ ಪ್ರಶ್ನೆಯೇ ಕಳಸಾ–ಬಂಡೂರಿ ವಿವಾದದ ಮೂಲ. ಮಹಾದಾಯಿ ನ್ಯಾಯಮಂಡಳಿ 2018ರ ಆಗಸ್ಟ್ 14ರಂದು ನೀಡಿದ ತೀರ್ಪಿನಲ್ಲಿ ಕರ್ನಾಟಕಕ್ಕೆ ಒಟ್ಟು 13.42 ಟಿಎಂಸಿ ಅಡಿ ನೀರು ಹಂಚಿಕೆಯಾಯಿತು. ಇದರಲ್ಲಿ ಮಲಪ್ರಭೆಗೆ ತಿರುಗಿಸಲು ಅವಕಾಶ ದೊರೆತದ್ದು 3.9 ಟಿಎಂಸಿ ಅಡಿ. 2020ರ ಫೆಬ್ರುವರಿಯಲ್ಲಿ ಕೇಂದ್ರವು ತೀರ್ಪಿನ ಅಧಿಸೂಚನೆ ಹೊರಡಿಸಿತು. ಸಂಬಂಧಪಟ್ಟ ರಾಜ್ಯಗಳು ಸುಪ್ರೀಂ ಕೋರ್ಟ್ ಮೊರೆ ಹೋಗಿವೆ.

ಇತ್ಯರ್ಥವಾಗದ ಗಡಿ

1956ರ ಗೆರೆಯನ್ನು ಮಹಾರಾಷ್ಟ್ರ ಒಪ್ಪಲಿಲ್ಲ. ಕೇಂದ್ರ ಸರ್ಕಾರ 1966ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್‌ನ ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೆಹರ್‌ಚಂದ್ ಮಹಾಜನ್ ಅವರ ಆಯೋಗವನ್ನು ನೇಮಿಸಿತು. 1967ರಲ್ಲಿ ಸಲ್ಲಿಕೆಯಾದ ವರದಿ ಬೆಳಗಾವಿ ನಗರವನ್ನು ಮೈಸೂರು ರಾಜ್ಯದಲ್ಲಿಯೇ ಉಳಿಸಿತು. ನಿಪ್ಪಾಣಿ, ಖಾನಾಪುರ, ನಂದಗಡ ಸೇರಿ 264 ಊರುಗಳನ್ನು ಮಹಾರಾಷ್ಟ್ರಕ್ಕೂ, ಅಕ್ಕಲಕೋಟೆ ಮತ್ತು ದಕ್ಷಿಣ ಸೊಲ್ಲಾಪುರ ಸೇರಿ 247 ಊರುಗಳನ್ನು ಮೈಸೂರಿಗೂ ವರ್ಗಾಯಿಸಲು ಶಿಫಾರಸು ಮಾಡಿತು. ಕಾಸರಗೋಡಿನಲ್ಲಿ ಚಂದ್ರಗಿರಿ ನದಿಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದಿತು. ಕರ್ನಾಟಕ ವರದಿಯ ಜಾರಿಗೆ ಒತ್ತಾಯಿಸಿತು. ಮಹಾರಾಷ್ಟ್ರ ಅದನ್ನು ತಿರಸ್ಕರಿಸಿತು. ವರದಿ ಜಾರಿಗೆ ಬರಲೇ ಇಲ್ಲ.

ಬಂದಿದ್ದರೆ ಕರಾವಳಿಯ ದಕ್ಷಿಣ ಕೊನೆ ತಲಪಾಡಿಯಿಂದ ಚಂದ್ರಗಿರಿಗೆ ಸರಿಯುತ್ತಿತ್ತು. ಜೊತೆಗೆ ಬೈಲಹೊಂಗಲ ಸೀಮೆಗೆ ಇನ್ನೊಂದು ಬೆಲೆ ತೆರಬೇಕಾಗಿತ್ತು. ಕಿತ್ತೂರು ರಾಣಿ ಚೆನ್ನಮ್ಮ ಸೆರೆಯಲ್ಲಿದ್ದು 1829ರಲ್ಲಿ ಕೊನೆಯುಸಿರೆಳೆದದ್ದು ಬೈಲಹೊಂಗಲದಲ್ಲಿ. ಬೈಲಹೊಂಗಲ ತಾಲೂಕಿನ ಸಂಗೊಳ್ಳಿಯ ರಾಯಣ್ಣನನ್ನು ಬ್ರಿಟಿಷರು 1831ರಲ್ಲಿ ಗಲ್ಲಿಗೇರಿಸಿದ್ದು ನಂದಗಡದಲ್ಲಿ. ರಾಯಣ್ಣನ ಹುಟ್ಟೂರು ಒಂದು ರಾಜ್ಯದಲ್ಲಿ, ಸಮಾಧಿ ಇನ್ನೊಂದು ರಾಜ್ಯದಲ್ಲಿ ಎಂಬಂತಾಗುತ್ತಿತ್ತು. ಹಳ್ಳಿಗಳ ಕೊಡುಕೊಳ್ಳುವಿಕೆಯ ಅಂಕಿಗಳಲ್ಲಿ ಇಂತಹ ಸಂಗತಿಗಳು ಕಾಣುವುದಿಲ್ಲ.

ಮಹಾರಾಷ್ಟ್ರವು 2004ರಲ್ಲಿ ಸಂವಿಧಾನದ 131ನೇ ವಿಧಿಯಡಿ ಸುಪ್ರೀಂ ಕೋರ್ಟ್‌ನಲ್ಲಿ ದಾವೆ ಹೂಡಿತು. 2022ರ ಡಿಸೆಂಬರ್‌ನಲ್ಲಿ ಕರ್ನಾಟಕ ವಿಧಾನಮಂಡಲವು ಒಂದಿಂಚೂ ಭೂಮಿ ಬಿಡುವುದಿಲ್ಲ ಎಂಬ ನಿರ್ಣಯ ಕೈಗೊಂಡಿತು. ಕೆಲವೇ ದಿನಗಳಲ್ಲಿ ಮಹಾರಾಷ್ಟ್ರ ವಿಧಾನಮಂಡಲವು ಬೆಳಗಾವಿ, ಕಾರವಾರ, ನಿಪ್ಪಾಣಿ, ಬೀದರ್, ಭಾಲ್ಕಿ ಹಾಗೂ 865 ಹಳ್ಳಿಗಳು ತನಗೆ ಸೇರಬೇಕೆಂಬ ನಿರ್ಣಯವನ್ನು ಅಂಗೀಕರಿಸಿತು. ಪಶ್ಚಿಮದ ತುದಿಯಾದ ಕಾರವಾರವೂ, ಉತ್ತರದ ತುದಿ ಇರುವ ಜಿಲ್ಲೆಯ ಕೇಂದ್ರವೂ ಆ ಪಟ್ಟಿಯಲ್ಲಿವೆ. ಮೈಸೂರು ಸಂಸ್ಥಾನದಿಂದ ಬಂದ ದಕ್ಷಿಣ ಮತ್ತು ಪೂರ್ವದ ತುದಿಗಳು ಈ ವಿವಾದದಿಂದ ಹೊರಗಿವೆ. 1956ರಲ್ಲಿ ಬಂದ ಎರಡು ತುದಿಗಳ ಕಡೆಗೇ ಅದು ಚಾಚಿಕೊಂಡಿದೆ.

ಸಂವಿಧಾನದ 3ನೇ ವಿಧಿಯ ಪ್ರಕಾರ ರಾಜ್ಯದ ಗಡಿಯನ್ನು ಬದಲಿಸುವ ಅಧಿಕಾರ ಸಂಸತ್ತಿಗೆ ಮಾತ್ರ ಇದೆ. ಮಸೂದೆಯನ್ನು ರಾಷ್ಟ್ರಪತಿಯವರು ಸಂಬಂಧಪಟ್ಟ ರಾಜ್ಯದ ಶಾಸಕಾಂಗದ ಅಭಿಪ್ರಾಯಕ್ಕೆ ಕಳುಹಿಸಬೇಕು. ಆದರೆ ಆ ಅಭಿಪ್ರಾಯಕ್ಕೆ ಸಂಸತ್ತು ಬದ್ಧವಾಗಿರಬೇಕಿಲ್ಲ. ಹಳ್ಳಿಯನ್ನು ಘಟಕವಾಗಿಟ್ಟುಕೊಂಡು ಗಡಿ ಹೊಂದಿಸಿದ ಪೂರ್ವನಿದರ್ಶನವೂ ಇದೆ. ಆಂಧ್ರ ಮತ್ತು ಮದ್ರಾಸ್ ರಾಜ್ಯಗಳ ನಡುವೆ ಪಾಟಸ್ಕರ್ ಸೂತ್ರದ ಪ್ರಕಾರ 1960ರ ಏಪ್ರಿಲ್ 1ರಂದು ಹಳ್ಳಿಗಳು ಕೈಬದಲಾದವು. ಮಹಾರಾಷ್ಟ್ರ ಕೇಳುತ್ತಿರುವುದೂ ಅದೇ ಸೂತ್ರವನ್ನು. ದಾವೆ ಇನ್ನೂ ಇತ್ಯರ್ಥವಾಗಿಲ್ಲ. ಅದು ಇತ್ಯರ್ಥವಾಗುವವರೆಗೆ, 1956ರ ಕಾಯ್ದೆ ಎಳೆದ ಗೆರೆಯೇ ಕರ್ನಾಟಕದ ಉತ್ತರ ಮತ್ತು ಪಶ್ಚಿಮದ ತುದಿಗಳನ್ನು ಕಾಯುತ್ತಿದೆ.